ಸೂಜಿಗೆ ಮೊದಲು ಸಿಸ್ಟರ್ ಕೇಳಿದ್ದು

ಗುಡಗೇರಿಯ ಖೈರುನಬಿಯವರ ಕಾಲಿಗೆ ಜಾಲಿಮುಳ್ಳು ಚುಚ್ಚಿ ಐದು ದಿನವಾಗಿತ್ತು. ಯಾರಿಗೂ ಹೇಳದೆ ಅರಿಶಿನ ಮೆತ್ತಿಕೊಂಡು ಓಡಾಡಿದ್ದರು. ಆರನೆಯ ದಿನ ಪಾದ ಊದಿ ಜ್ವರ ಏರಿದಾಗ ಮಗ ಇಮಾಮುದ್ದೀನ ಆಸ್ಪತ್ರೆಗೆ ಕರೆತಂದ. ಸೋಂಕು ರಕ್ತಕ್ಕೆ ಹರಡುವ ಮೊದಲು ಇಂಜೆಕ್ಷನ್ ಶುರುವಾಗಬೇಕು ಎಂದರು ವೈದ್ಯರು. ಹಿಂದೆ ಯಾವ ಔಷಧವಾದರೂ ಒಗ್ಗದೆ ಹೋಗಿತ್ತೇ ಎಂದು ಕೇಳಿದಾಗ ಖೈರುನಬಿ ಸೆರಗು ಸರಿಮಾಡಿಕೊಂಡು, ಇಲ್ಲವೆಂದು ತಲೆಯಾಡಿಸಿದರು.

ವಾರ್ಡಿನಲ್ಲಿ ನರ್ಸ್ ಸಂಪದಾ ಕೈ ತೊಳೆದು ಬಂದರು. ಹೆಸರು ಕೇಳಿ ಕೇಸ್ ಪೇಪರಿನೊಂದಿಗೆ ತಾಳೆ ನೋಡಿದರು. ಔಷಧದ ಬಾಟಲಿಯ ಚೀಟಿ ಓದಿದರು. ಆಮೇಲೆ ವೈದ್ಯರು ಕೇಳಿದ್ದನ್ನೇ ಮತ್ತೆ ಕೇಳಿದರು.

ಇಮಾಮುದ್ದೀನನಿಗೆ ರೇಗಿತು. “ಡಾಕ್ಟರ್ ಕೇಳ್ಯಾರ, ಹೇಳೇವಿ. ಒಂದು ಸೂಜಿಗೆ ಎಷ್ಟ್ ವಿಚಾರಣಿರಿ ಸಿಸ್ಟರ್?”

“ಒಳಗ ಹೋದ ಔಷಧ ವಾಪಸ್ ತಗಿಯಾಕ ಬರೂದಿಲ್ರಿ, ಅಣ್ಣಾರ. ಐದು ನಿಮಿಷ ಹೊರಗ ನಿಲ್ಲತೀರೇನ್ರಿ?”

“ನಾ ಮಗಾ ಅದೀನ್ರಿ.”

“ಅದಕ್ಕ ಹೇಳಾಕತ್ತೀನಿ.”

ಅವನು ಗೊಣಗುತ್ತಾ ಹೊರಬಂದ. ಗಂಡನ ಆರೈಕೆಗೆ ಬಂದು ಬಾಗಿಲ ಬಳಿ ಕೂತಿದ್ದ ಮಲ್ಲಮ್ಮ ನಕ್ಕರು. “ಕುಂದ್ರೋ ತಮ್ಮಾ. ನಾನರ ನನ್ನ ಮಗನ ಮುಂದ ಎಲ್ಲಾ ಹೇಳತೀನೇನು?”

ಪರದೆ ಎಳೆದು ಸಂಪದಾ ಸ್ಟೂಲಿನ ಮೇಲೆ ಕೂತರು. ಪ್ರಶ್ನೆಯನ್ನು ಬದಲಿಸಿದರು. ಯಾವಾಗಲಾದರೂ ಸೂಜಿ ಮಾಡಿಸಿಕೊಂಡ ಮೇಲೆ ಮೈ ತುರಿಸಿತ್ತೇ, ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ? ಕೇಳಿ ಸುಮ್ಮನಾದರು, ಅವಸರ ಮಾಡಲಿಲ್ಲ.

ಖೈರುನಬಿ ಪರದೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳತೊಡಗಿದರು. ಮೂವತ್ತನಾಲ್ಕು ವರ್ಷದ ಹಿಂದೆ, ಇಮಾಮುದ್ದೀನ ಹುಟ್ಟಿದ ಮೂರನೆಯ ದಿನ, ಊರಿನ ಡಾಕ್ಟರು ಬಿಳಿ ಪುಡಿಗೆ ನೀರು ಬೆರೆಸಿ, ಬಾಣಂತಿಯಾಗಿದ್ದ ಇವರಿಗೆ ಸೂಜಿ ಹಾಕಿದ್ದರು. ಮೈತುಂಬಾ ದದ್ದು ಎದ್ದು, ಗಂಟಲು ಬಿಗಿದು, ಎಚ್ಚರ ತಪ್ಪಿತ್ತು. ಬದುಕಿಸಿದವರೂ ಆ ಡಾಕ್ಟರೇ.

“ದೇವರಂಥಾ ಮನಷ್ಯಾ ಯವ್ವಾ. ಹೇಳಿದ್ರ ಅವರ ಹೆಸರು ಕೆಡತಿತ್ತು, ಅದಕ್ಕ ಮಗಗೂ ಹೇಳಿಲ್ಲ.”

“ಅವರದೇನೂ ತಪ್ಪಿಲ್ಲ ಅಮ್ಮಾರ. ನಿಮ್ಮ ಮೈಗೆ ಆ ಔಷಧ ಒಗ್ಗಿಲ್ಲ, ಅಷ್ಟ. ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ಮಗಗ ಹೇಳಲೇನು?”

ಖೈರುನಬಿ ಯೋಚಿಸಿ ಒಪ್ಪಿದರು.

ಸಂಪದಾ ಔಷಧದ ಬಾಟಲಿಯನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕರೆಸಿದರು. ವಿವರ ಕೇಳಿದ ವೈದ್ಯರು, ಅಂದಿನದು ಪೆನ್ಸಿಲಿನ್ ಇದ್ದಿರಬೇಕು ಎಂದರು. ಇಂದು ಕೊಡಬೇಕಿದ್ದದ್ದೂ ಅದೇ ಗುಂಪಿನದು. ಕೊಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು. ಔಷಧ ಬದಲಾಯಿತು, ಕೇಸ್ ಪೇಪರಿನ ಮೇಲೆ ‘ಪೆನ್ಸಿಲಿನ್ ಒಗ್ಗದು’ ಎಂಬ ಕೆಂಪು ಶಾಯಿಯ ಬರಹ ಬಿತ್ತು.

ವಿಷಯ ತಿಳಿದ ಇಮಾಮುದ್ದೀನ ತಾಯಿಯ ಮಂಚದ ಬಳಿ ಬಂದು ನಿಂತ. ಹುಟ್ಟಿದಾಗಿನಿಂದ ತಾಯಿಯ ಜೊತೆಗಿದ್ದವನಿಗೆ ಗೊತ್ತಿಲ್ಲದ್ದನ್ನು ಈ ಹೆಣ್ಣುಮಗಳು ಐದು ನಿಮಿಷದಲ್ಲಿ ತಿಳಿದಿದ್ದಳು. ಮುಂದಿನದನ್ನು ಕಣ್ಣು ಮಿಟುಕಿಸದೆ ನೋಡಿದ. ಸಂಪದಾ ಮತ್ತೆ ಕೈ ತೊಳೆದರು, ಮತ್ತೆ ಹೆಸರು ಕೇಳಿದರು, ಹೊಸ ಬಾಟಲಿಯ ಚೀಟಿಯನ್ನು ಮೂರು ಸಲ ಓದಿದರು. ಸೂಜಿ ಕೊಟ್ಟ ಮೇಲೂ ಹೋಗಲಿಲ್ಲ. ತಾಯಿಯ ಉಸಿರು ನೋಡುತ್ತಾ ಪಕ್ಕದಲ್ಲೇ ನಿಂತರು.

“ಇಷ್ಟೆಲ್ಲಾ ದಿನಾ ಮಾಡತೀರೇನ್ರಿ ಸಿಸ್ಟರ್?” ಅವನ ದನಿ ತಗ್ಗಿತ್ತು.

“ಪ್ರತಿ ಪೇಶಂಟಿಗೂ, ಪ್ರತಿ ಸಲಾನೂ.”

ಒಂಬತ್ತನೆಯ ದಿನ ಖೈರುನಬಿ ತಮ್ಮ ಕಾಲ ಮೇಲೆ ನಡೆದು ಬಸ್ ಹತ್ತಿದರು. ಒಗ್ಗದ ಔಷಧದ ಹೆಸರು ಬರೆದ ಚೀಟಿ ಅವರ ಚೀಲದಲ್ಲಿತ್ತು.

ಓದುವವರೇ, ನರ್ಸ್ ಕೇಳಿದ್ದನ್ನೇ ಕೇಳಿದರೆ ಬೇಸರಪಡಬೇಡಿ. ಸಂಕೋಚಕ್ಕೆ “ಇಲ್ರಿ” ಎನ್ನಬೇಡಿ. ಯಾರ ಮುಂದೆಯಾದರೂ ಹೇಳಲು ಮುಜುಗರವಾದರೆ, ಅವರನ್ನು ಹೊರಗೆ ಕಳಿಸಿ ಎಂದು ಕೇಳಿ; ಅದು ನಿಮ್ಮ ಹಕ್ಕು. ನಿಮ್ಮ ತಾಯಿಯೂ ಹೀಗೊಂದು ಮಾತನ್ನು ನುಂಗಿಕೊಂಡಿರಬಹುದು. ಇಂದೇ ಪಕ್ಕದಲ್ಲಿ ಕೂತು ಕೇಳಿ.