ಕೆಂಪವ್ವನ ಕಾರ್ಡು

ಬನಹಟ್ಟಿಯ ದವಾಖಾನೆಗೆ ಕಂಪ್ಯೂಟರ್ ಬಂದ ವರ್ಷ, ಹಳೆಯ ಕಾರ್ಡುಗಳಲ್ಲಿದ್ದುದನ್ನೆಲ್ಲ ಅದಕ್ಕೆ ತುಂಬಿದರು. ಸೊಸೆ ಮರೆವ್ವನಿಗೆ ಜ್ವರವೆಂದು ಕರೆತಂದ ನೇಕಾರರ ಕೆಂಪವ್ವ ಎಂದಿನಂತೆ ತನ್ನ ಕಾರ್ಡನ್ನೇ ಚಾಚಿದಳು. ಹಿಂದೊಮ್ಮೆ ಟೈಫಾಯಿಡಿನಿಂದ ಅವಳು ಬದುಕಿ ಬಂದದ್ದು ಅದೇ ಕಾರ್ಡಿನ ಮೇಲೆ. ಡಾಕ್ಟರ ಕೈಗುಣಕ್ಕಿಂತ ಕಾರ್ಡಿನ ಗುಣವೇ ದೊಡ್ಡದೆಂದು ಅಂದಿನಿಂದ ಮನೆಮಂದಿಯೆಲ್ಲ ಅದನ್ನೇ ಹಿಡಿದು ಬರುತ್ತಿದ್ದರು.

ಪರದೆ ನೋಡಿದ ಡಾಕ್ಟರು ಕನ್ನಡಕ ತೆಗೆದರು. “ಯವ್ವಾ, ಅರವತ್ತು ದಾಟಿದಾಕಿ ನೀ ಹೋದ ವರ್ಷ ಹಡದೀಯಂತ. ಮ್ಯಾಲೆ ಬೀಡಿ ಸೇದಿ ಕೆಮ್ಮು ಹಚ್ಚಿಕೊಂಡೀಯಂತ!”

“ನಿಮ್ಮ ಮಷಿನ್ನಿಗೆ ಹುಚ್ಚು ಹಿಡದೈತಿ,” ಕೆಂಪವ್ವ ಸಿಡುಕಿದಳು. “ಹಡದಾಕಿ ಈಕಿ. ಬೀಡಿ ನನ್ನ ಮಗ ಹಣಮಪ್ಪಂದು.”

“ಒಬ್ಬರ ಔಷಧ ಇನ್ನೊಬ್ಬರಿಗೆ ಕೊಟ್ಟರ ಜೀವಾ ಹೋದೀತು. ಯಾರ ಬ್ಯಾನಿ ಯಾವುದು ಹೇಳು, ಬ್ಯಾರೆ ಬ್ಯಾರೆ ಮಾಡತೀನಿ.”

ಕೆಂಪವ್ವ ಹೇಳುತ್ತ ಹೋದಳು. ಮುರಿದ ಕೈ ಮೊಮ್ಮಗನದು, ಕಣ್ಣಿನ ಪೊರೆ ಗಂಡನದು, ಕಾಮಾಲೆ ಮೈದುನನದು. ಎಲ್ಲ ಹಂಚಿ ಮುಗಿದಾಗ ಅವಳ ಹೆಸರಿನ ಕೆಳಗೆ ಉಳಿದದ್ದು ಆ ಹಳೆಯ ಟೈಫಾಯಿಡ್ ಒಂದೇ.

“ಆಮ್ಯಾಲೆ ನಿನಗೇನೂ ಆಗೇ ಇಲ್ಲೇನಬೇ?” ಡಾಕ್ಟರು ಕೇಳಿದರು.

ಕೆಂಪವ್ವ ಪರದೆಯ ಮೇಲಿನ ಆ ಒಂದೇ ಸಾಲನ್ನು ನೋಡುತ್ತ ನಿಂತಳು. ಸೊಸೆಗೆ ಗುಳಿಗೆ ಕೊಟ್ಟಾದ ಮೇಲೂ ಹೊರಡಲಿಲ್ಲ. ಸ್ಟೂಲನ್ನು ಎಳೆದುಕೊಂಡು ಕುಳಿತಳು.

“ಮೊಣಕಾಲಿನಿಂದ ಸುರು ಮಾಡ್ರಿ,” ಎಂದಳು.