ನಾಲ್ಕನೆಯ ದನಿ

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಶಿವುವಿಗೆ ಒಂದು ಹುಚ್ಚಿತ್ತು. ಯಾವ ಕಂಪನಿಯೂ ಎಂದೂ ತಯಾರಿಸದ ಹಳೇಕಾಲದ ವಿಡಿಯೊ ಗೇಮ್ ಯಂತ್ರವೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಬ್ರೌಸರ್‌ನೊಳಗೆ ಓಡಿಸುತ್ತಿದ್ದ. ಅಂಗೈಯಗಲದ ಪರದೆ, ಹದಿನಾರೇ ಬಣ್ಣ, ನಾಲ್ಕೇ ದನಿ. ಮೂರು ದನಿ ರಾಗಕ್ಕೆ. ನಾಲ್ಕನೆಯದು ಬರೀ ಗದ್ದಲಕ್ಕೆ. ಮಳೆ, ಗುಂಡು, ಸ್ಫೋಟ ಎಲ್ಲ ಅದರಲ್ಲೇ ಆಗಬೇಕು.

ಆ ನಾಲ್ಕನೆಯ ದನಿಯನ್ನು ಅವನು ಮೊದಲ ಸಲ ಓಡಿಸಿದ್ದು ಒಂದು ಮಂಗಳವಾರ ಮಧ್ಯಾಹ್ನ. ಸ್ಪೀಕರು ಕಾದ ಕಾವಲಿಗೆ ನೀರು ಬಿದ್ದಂತೆ ಸುಯ್ ಎಂದಿತು. ಊಟದ ಡಬ್ಬಿ ತಂದು ಬೆಂಚಿನ ಮೇಲೆ ಕೂತಿದ್ದ ತಾಯಿ ಬೆಳ್ಳಮ್ಮ ಇದ್ದಕ್ಕಿದ್ದಂತೆ "ಓ" ಎಂದಳು.

ಯಾರಿಗೆ ಎಂದು ಶಿವು ಕೇಳಿದ. ಯಾರೋ ಕೂ ಹಾಕಿ ಕರೆದರಲ್ಲ ಎಂದಳು. ಅವನು ನಕ್ಕು ಮತ್ತೆ ಓಡಿಸಿದ. ಆ ಗದ್ದಲ ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸುವಂಥದ್ದು. ಶುರುವಿಗೆ ಕೊಟ್ಟ ಅಂಕಿ ಪ್ರತಿ ಸಲವೂ ಅದೇ ಇದ್ದರೆ ಸದ್ದೂ ಕೂದಲೆಳೆಯಷ್ಟು ಬದಲಾಗದೆ ಬರುತ್ತದೆ. ಹನ್ನೊಂದನೆಯ ಸೆಕೆಂಡಿಗೆ ಬೆಳ್ಳಮ್ಮ ಮತ್ತೆ ಓಗೊಟ್ಟಳು. ಮೂರನೆಯ ಸಲವೂ ಹನ್ನೊಂದಕ್ಕೇ. ಶಿವುವಿಗೆ ಮಾತ್ರ ಬರೀ ಸುಯ್.

ಆಗ ಅವಳು ಮಗನಿಗೆ ಎಂದೂ ಹೇಳಿರದ ಸಂಗತಿಯೊಂದನ್ನು ಹೇಳಿದಳು. ತಾನು ಹತ್ತು ವರ್ಷದವಳಿದ್ದಾಗ ಅಕ್ಕ ಗುತ್ಯಮ್ಮನ ಜೊತೆ ಹುಲಿಕಲ್ ಕಡೆಯ ಕಾಡಿಗೆ ಅಣಬೆಗೆ ಹೋಗಿದ್ದಳಂತೆ. ತಮಾಷೆಗೆಂದು ಪೊದೆಯ ಹಿಂದೆ ಅಡಗಿದಳಂತೆ. ಅಕ್ಕ ಅವಳನ್ನು ಹುಡುಕುತ್ತ, ಕೂ ಹಾಕುತ್ತ ದೂರ ದೂರ ಹೋದಳು. ಊರಿನವರು ಎಂಟು ದಿನ ಅಲೆದರೂ ಒಂದು ಬಳೆಚೂರೂ ಸಿಗಲಿಲ್ಲ.

"ಆವತ್ತು ನಾನು ಓ ಅನ್ಲೇ ಇಲ್ಲ ಕಣಾ," ಎಂದಳು ಬೆಳ್ಳಮ್ಮ.

ಇದು ಭ್ರಮೆಯೆಂದು ತೋರಿಸಿಕೊಡಲು ಮರುದಿನ ಶಿವು ಶುರುವಿನ ಅಂಕಿಯನ್ನೇ ಬದಲಿಸಿದ. ಸದ್ದು ಬೇರೆಯಾಯಿತು. ಬೆಳ್ಳಮ್ಮ ಆರನೆಯ ಸೆಕೆಂಡಿಗೆ ಓಗೊಟ್ಟಳು. ಇನ್ನೊಂದು ಅಂಕಿ ಹಾಕಿದ. ಮೂರಕ್ಕೇ ಓಗೊಟ್ಟಳು.

"ಹತ್ರ ಬಂದ್ಲು," ಎಂದಳು ಮೆಲ್ಲಗೆ.

ಶಿವು ಸ್ಪೀಕರಿನ ಸದ್ದು ತಗ್ಗಿಸಿದ. ಆದರೂ ಕೈ ನಿಲ್ಲಲಿಲ್ಲ, ಮತ್ತೊಂದು ಅಂಕಿ ಒತ್ತಿತು. ಈ ಸಲ ಬೆಳ್ಳಮ್ಮ ಓ ಎನ್ನಲಿಲ್ಲ. ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು, ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಅವನು ಸ್ಪೀಕರಿನ ವೈರನ್ನೇ ಕಿತ್ತ. ಅವತ್ತೇ ನಾಲ್ಕನೆಯ ದನಿಯ ಕೋಡಿನ ಸಾಲುಗಳನ್ನೆಲ್ಲ ಅಳಿಸಿಹಾಕಿದ. ಅವನ ಯಂತ್ರದ ಗೇಮುಗಳಲ್ಲಿ ಈಗ ಗುಂಡು ಹಾರಿದರೂ ಸದ್ದಿಲ್ಲ.

ಬೆಳ್ಳಮ್ಮ ನೆಮ್ಮದಿಯಾಗಿದ್ದಾಳೆ. ದಿನಾ ಮಧ್ಯಾಹ್ನ ಡಬ್ಬಿ ತರುತ್ತಾಳೆ, ಬೆಂಚಿನ ತುದಿಯಲ್ಲೇ ಕೂರುತ್ತಾಳೆ, ಕಡಲೆಮಿಠಾಯಿ ಮುರಿದು ಅರ್ಧ ಪಕ್ಕಕ್ಕಿಡುತ್ತಾಳೆ. ಜೆರಾಕ್ಸಿಗೆ ಬಂದವರು ಯಾರಾದರೂ ಅಲ್ಲಿ ಕೂರಲು ಹೋದರೆ, ಅವಳು ಬಾಯಿಬಿಡುವ ಮೊದಲೇ ಶಿವು ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಡುತ್ತಾನೆ.