ವಾಗೀಶ ಎಳೆದ ಬಿಳಿ ಗೆರೆ

ಶಿವಗಣಾರಾಧನೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಮಹದೇವಪ್ಪ ದಟ್ಟಗಳ್ಳಿಗೆ ಹೋಗಿ, ತೀರಿಕೊಂಡ ತಮ್ಮ ವಾಗೀಶನ ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿನ ಷಟರ್ ಎತ್ತಿದ. ತಮ್ಮ ಆ ಗ್ಯಾರೇಜು ತೆರೆದು ಒಂಬತ್ತು ವರ್ಷವಾಗಿತ್ತು. ಅಣ್ಣ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಬದುಕಿದ್ದವನನ್ನು ನೋಡಲು ಬರದ ಮನುಷ್ಯ, ಅವನು ಮಣ್ಣಾದ ಮೇಲೆ ಸ್ಪ್ಯಾನರ್ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ. ಇಂಥ ಅಣ್ಣಂದಿರಿಗೆ ನಮ್ಮ ಊರಿನಲ್ಲಿ ಕೊರತೆಯೇನಿಲ್ಲ.

ಕರೆದವಳು ವಾಗೀಶನ ಹೆಂಡತಿ ದಾಕ್ಷಾಯಣಮ್ಮ. ಗ್ಯಾರೇಜಿನಲ್ಲಿ ಒಂದು ಕಾರು ಪೂರ್ತಿ ಜೋಡಿಸದೆ ಉಳಿದಿತ್ತು. ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ ನಡೆಸುವ ಶಿವಶಂಕರ್ ಮೇಷ್ಟ್ರ ಹಳೇ ಬಿಳಿ ಕಾರು. ಮೇಷ್ಟ್ರು ಸಾವಿನ ಮನೆಗೆ ಬಂದು, ಕೈಮುಗಿದು, ಹೊರಡುವ ಮುಂಚೆ ಒಂದು ಮಾತು ಆಡಿದ್ದರು. ‘ಅರ್ಧ ಗಂಟೆ ಕೆಲ್ಸ ಉಳಿದಿತ್ತು ಕಣಮ್ಮ, ನಾಲ್ಕು ದಿನ ಹಾಗೇ ಬಿಟ್ಟಿದ್ರು. ಎಲ್ಲೋ ಗೊತ್ತಾಗ್ಲಿಲ್ಲ ಅನ್ಸುತ್ತೆ, ಪಾಪ.’ ಆ ‘ಗೊತ್ತಾಗ್ಲಿಲ್ಲ’ ಎನ್ನುವುದು ದಾಕ್ಷಾಯಣಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಗಂಡನಂತೂ ಹೋದ, ಅವನ ಕೆಲಸದ ಹೆಸರಾದರೂ ಉಳಿಯಲಿ ಎಂದು ಅವಳು ಭಾವನಿಗೆ ಫೋನ್ ಮಾಡಿದ್ದಳು.

‘ಗಾಡಿ ಕಟ್ಟಿ ಕೊಟ್ಬುಡಿ ಭಾವ. ಅವ್ರು ಮಾಡಿದ್ದು ಸರಿ ಇದ್ರೆ ಸರಿ ಇತ್ತು ಅಂತ ಮೇಷ್ಟ್ರಿಗೆ ನೀವೇ ಒಂದು ಮಾತು ಹೇಳ್ಬುಡಿ. ನೀವ್ ಹೇಳಿದ್ರೆ ಯಾರಾದ್ರೂ ನಂಬ್ತಾರೆ.’

ನಂಬುತ್ತಿದ್ದರು, ನಿಜ. ಚಾಮರಾಜಪುರಂನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ ಮಹದೇವಪ್ಪ ಬಾನೆಟ್ ಎತ್ತದೆಯೇ ರೋಗ ಹೇಳುತ್ತಾನೆ ಎಂಬ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಮಹದೇವಪ್ಪನೇ.

ಕಾರನ್ನು ನೋಡಿದ ಕೂಡಲೇ ಅವನ ಮೈ ಬಿಸಿಯಾಯಿತು. ಒಂಬತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆಯಾದದ್ದು ಇದೇ ಕಾರಿನ ಮುಂದೆ. ಅವತ್ತು ಇದರ ಇಂಜಿನ್ನಿನ ಮೇಲಿನ ಹಲ್ಲುಚಕ್ರ ಒಡೆದಿತ್ತು. ಮಹದೇವಪ್ಪ ಗುಜರಿಯೆಲ್ಲ ಜಾಲಾಡಿ, ಅದೇ ಅಳತೆಯ ಇನ್ನೊಂದು ಚಕ್ರ ಹುಡುಕಿ ತಂದಿದ್ದ. ಜೋಡಿಸಲು ತಮ್ಮನಿಗೆ ಕೊಟ್ಟಿದ್ದ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತುವ ಹಲ್ಲಿನ ಬೆಲ್ಟು. ಕೆಳಗಿನದು ಪಿಸ್ಟನ್ ಆಡಿಸುತ್ತದೆ, ಮೇಲಿನದು ವಾಲ್ವ್ ತೆರೆದು ಮುಚ್ಚುತ್ತದೆ. ಚಕ್ರದ ಮೇಲೆ ಕೊರೆದ ಗುರುತು ಎದುರಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಒಂದು ಹಲ್ಲು ಆಚೀಚೆಯಾದರೂ ಇಂಜಿನ್ ಉಸಿರಾಡುವ ಹೊತ್ತು ತಪ್ಪುತ್ತದೆ. ಇದಕ್ಕೇ ಟೈಮಿಂಗ್ ಅನ್ನುವುದು. ವಾಗೀಶ ಅವತ್ತು ಬೆಲ್ಟನ್ನು ಗುರುತಿನಿಂದ ಒಂದು ಹಲ್ಲು ಈಚೆಗೆ ಕೂರಿಸಿದ್ದ.

‘ಮೂರನೇ ಕ್ಲಾಸಿನ ಹುಡುಗನೂ ಗುರುತಿಗೆ ಗುರುತು ಸೇರಿಸ್ತಾನಲ್ಲೋ! ಕಣ್ಣು ಎಲ್ಲಿಟ್ಕೊಂಡಿದ್ದೆ?’ ಎಂದು ಮೇಷ್ಟ್ರ ಮುಂದೆ, ಇನ್ನೂ ಐದಾರು ಗಿರಾಕಿಗಳ ಮುಂದೆ, ನಲವತ್ತೊಂದು ವರ್ಷದ ತಮ್ಮನನ್ನು ಮಹದೇವಪ್ಪ ಬೈದಿದ್ದ. ‘ಅಣ್ಣ, ನೀನು ತಂದಿರೋ ಚಕ್ರದ ಗುರುತೇ ಸರಿ ಇಲ್ಲ ಕಣಣ್ಣ’ ಎಂದು ವಾಗೀಶ ಮೆಲ್ಲಗೆ ಹೇಳಿದ್ದ. ಆ ಮಾತಿಗೆ ಎಲ್ಲರೂ ನಕ್ಕರು. ಮೊದಲು ನಕ್ಕವನು ಮಹದೇವಪ್ಪ. ತಾನೇ ಬೆಲ್ಟ್ ಬಿಚ್ಚಿ ಗುರುತಿಗೆ ಸೇರಿಸಿ ಕೊಟ್ಟ. ವಾಗೀಶ ಕೈ ತೊಳೆದುಕೊಂಡು ಹೊರಟವನು ಮತ್ತೆ ಆ ಗ್ಯಾರೇಜಿಗೆ ಬರಲಿಲ್ಲ.

ಈಗ ಮಹದೇವಪ್ಪ ಟಾರ್ಚ್ ಹಾಕಿ ನೋಡಿದ. ತಮ್ಮ ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ, ಇಂಜಿನ್ನಿನ ತಲೆಭಾಗವನ್ನು ಬಿಗಿದು, ಎಲ್ಲವನ್ನೂ ಒರೆಸಿ ಇಟ್ಟಿದ್ದ. ಒಂದು ಬೋಲ್ಟಿಗೂ ಹೆಸರಿಡುವ ಹಾಗಿರಲಿಲ್ಲ. ಬೆಲ್ಟ್ ಮಾತ್ರ ಹಾಕಿರಲಿಲ್ಲ. ಅದು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮೇಲಿನ ಚಕ್ರದ ಮೇಲೆ, ಕೊರೆದ ಗುರುತಿನಿಂದ ಸರಿಯಾಗಿ ಒಂದು ಹಲ್ಲು ಈಚೆಗೆ, ಬಿಳಿ ಬಣ್ಣದಲ್ಲಿ ಸಣ್ಣ ಗೆರೆ ಎಳೆದಿದ್ದ.

ಮತ್ತೆ ಅದೇ ತಪ್ಪು! ಮಹದೇವಪ್ಪನಿಗೆ ಒಂದು ಕ್ಷಣ ಖುಷಿಯಾಯಿತು. ತಮ್ಮ ಸತ್ತು ಹನ್ನೆರಡು ದಿನವಾಗಿತ್ತು, ಮನೆಯಲ್ಲಿ ವಿಭೂತಿಯ ವಾಸನೆ ಇನ್ನೂ ಆರಿರಲಿಲ್ಲ, ಇವನಿಗೆ ಖುಷಿಯಾಯಿತು. ಆಮೇಲೆ ನಾಚಿಕೆಯೂ ಆಯಿತು ಅನ್ನಿ. ದಾಕ್ಷಾಯಣಮ್ಮನಿಗೆ ಏನು ಹೇಳುವುದು? ಸರಿಯಾಗೇ ಇತ್ತು ಅಂತ ಒಂದು ಸುಳ್ಳು ಹೇಳಿದರಾಯಿತು, ಸತ್ತವನಿಗೆ ಅಷ್ಟೂ ಮಾಡಬಾರದೇ ಎಂದುಕೊಂಡು ಬೆಲ್ಟನ್ನು ಕೊರೆದ ಗುರುತಿಗೆ ಕೂರಿಸಿದ.

ಕೆಲಸದಲ್ಲಿ ಮಾತ್ರ ಅವನು ಕಳ್ಳನಲ್ಲ. ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಗುರುತುಗಳು ಮತ್ತೆ ಎದುರುಬದುರು ಬಂದು ನಿಂತವು. ಗುರುತೇ ಸುಳ್ಳಾಗಿದ್ದರೆ ಇನ್ನೂರು ಸುತ್ತು ತಿರುಗಿಸಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಉಳಿದದ್ದನ್ನು ಜೋಡಿಸಿ, ನೀರು ತುಂಬಿ, ಕೀ ತಿರುಗಿಸಿದ.

ಇಂಜಿನ್ ಸ್ಟಾರ್ಟ್ ಆಯಿತು. ಆದರೆ ಅದರ ಸದ್ದಿನಲ್ಲಿ ಒಂದು ಕೆಮ್ಮಿತ್ತು.

ಮಹದೇವಪ್ಪನಿಗೆ ಆ ಕೆಮ್ಮು ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷ ಮೇಷ್ಟ್ರು ಅದನ್ನು ಹೊತ್ತುಕೊಂಡು ಅವನ ಹತ್ತಿರವೇ ಬರುತ್ತಿದ್ದರು. ಬೆಟ್ಟ ಹತ್ತಲ್ಲ, ಎಳೆಯಲ್ಲ, ಬಿಸಿಯಾಗುತ್ತೆ ಎನ್ನುತ್ತಿದ್ದರು. ಅವನು ರೇಡಿಯೇಟರ್ ಬದಲಿಸಿದ, ಪ್ಲಗ್ ಬದಲಿಸಿದ, ಕೊನೆಗೆ ‘ಗಾಡಿಗೆ ವಯಸ್ಸಾಯ್ತು ಸಾರ್’ ಎಂದುಬಿಟ್ಟ. ಮೇಷ್ಟ್ರು ಬೇಸತ್ತು ಹೋದ ತಿಂಗಳು ವಾಗೀಶನ ಬಾಗಿಲಿಗೆ ಹೋಗಿದ್ದರು, ಅಷ್ಟರಲ್ಲಿ ಬಿಸಿಗೆ ಗ್ಯಾಸ್ಕೆಟ್ ಸುಟ್ಟೇ ಹೋಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿದರೂ ಅದೇ ಕೆಮ್ಮು ಯಾಕೆ?

ಕೀ ತಿರುಗಿಸಿ ಆರಿಸಿದ. ಇಂಜಿನ್ ತಣ್ಣಗಾಗುವವರೆಗೆ ತಮ್ಮನ ಸ್ಟೂಲಿನ ಮೇಲೆ ಕೂತ. ಆಮೇಲೆ ಒಂಬತ್ತು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಕೆಲಸ ಮಾಡಿದ. ಮೊದಲನೇ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸೈಕಲ್ ಕಡ್ಡಿ ಇಳಿಬಿಟ್ಟು, ಪಿಸ್ಟನ್ ತುತ್ತತುದಿಗೆ ಬರುವವರೆಗೆ ಮೆಲ್ಲಗೆ ತಿರುಗಿಸಿದ. ಮೇಲಿನ ಮುಚ್ಚಳ ತೆಗೆದು ವಾಲ್ವ್ ಒತ್ತುವ ಎರಡು ಉಬ್ಬುಗಳನ್ನು ನೋಡಿದ. ಅವು ಕರುವಿನ ಕಿವಿಗಳ ಹಾಗೆ ಎರಡೂ ಕಡೆ ಒಂದೇ ಓರೆಯಲ್ಲಿ ನಿಲ್ಲಬೇಕು. ಇವು ಒಂದು ಪಕ್ಕಕ್ಕೆ ವಾಲಿದ್ದವು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಬೆಲ್ಟ್ ಸಡಿಲಿಸಿ, ಮೇಲಿನ ಚಕ್ರವನ್ನು ಒಂದು ಹಲ್ಲು ಸರಿಸಿ, ತಮ್ಮನ ಬಿಳಿ ಗೆರೆಗೆ ತಂದ. ಎರಡು ಉಬ್ಬುಗಳೂ ಸಮವಾಗಿ ನಿಂತವು.

ಗುಜರಿಯಿಂದ ತಾನು ತಂದ ಚಕ್ರದ ಗುರುತೇ ತಪ್ಪು. ವಾಗೀಶ ಅವತ್ತು ಗುರುತನ್ನು ನಂಬದೆ ಇಂಜಿನ್ನನ್ನು ನಂಬಿದ್ದ.

ದಾಕ್ಷಾಯಣಮ್ಮ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ‘ಇವ್ನು ಬೆಲ್ಟ್ ಹಾಕ್ದೆ ನಾಲ್ಕು ದಿನ ಯಾಕ್ ಬಿಟ್ಟಿದ್ದ?’ ಎಂದು ಮಹದೇವಪ್ಪ ಕೇಳಿದ.

‘ನಿಮಗೋಸ್ಕರ ಭಾವ,’ ಅಂದಳು ಅವಳು. ‘ಮಂಗಳವಾರ ಊಟಕ್ಕೆ ಬಂದಾಗ ಕುಣೀತಿದ್ರು. ಅಣ್ಣನ್ನ ಕರೀತೀನಿ, ನಾನು ಏನೂ ಮಾತಾಡಲ್ಲ, ಅವನ ಗುರುತಿಗೆ ಒಂದ್ಸಲ, ನನ್ನ ಗೆರೆಗೆ ಒಂದ್ಸಲ ಸ್ಟಾರ್ಟ್ ಮಾಡ್ತೀನಿ, ಕೇಳಿಸ್ಕೊಂಡು ಹೋಗ್ಲಿ ಸಾಕು ಅಂದ್ರು. ಎರಡು ಸಲ ಫೋನ್ ಮಾಡಿದ್ರು. ನೀವು ಎತ್ತಲಿಲ್ಲ. ಇವತ್ತಲ್ಲ ನಾಳೆ ಅವನೇ ಮಾಡ್ತಾನೆ ಅಂತ ಕಾದ್ರು. ಶನಿವಾರ ಬೆಳಿಗ್ಗೆ ಬಚ್ಚಲಲ್ಲಿ ಕುಸಿದುಬಿಟ್ರಲ್ಲ.’

ಮಹದೇವಪ್ಪನಿಗೆ ಆ ಮಂಗಳವಾರ ನೆನಪಿತ್ತು. ಫೋನಿನ ಮೇಲೆ ‘ವಾಗೀಶ’ ಎಂದು ಹೆಸರು ಬಂದಿತ್ತು. ಈಗ ಬುದ್ಧಿ ಬಂತೇನೋ, ಇನ್ನೂ ಸ್ವಲ್ಪ ಕಾಯಲಿ ಎಂದು ಅವನು ಫೋನನ್ನು ಮಗುಚಿಟ್ಟಿದ್ದ. ಎರಡನೇ ಸಲವೂ ಹಾಗೇ ಮಾಡಿದ್ದ.

ಎಲ್ಲವನ್ನೂ ಮತ್ತೆ ಜೋಡಿಸಿ ಕೀ ತಿರುಗಿಸಿದಾಗ ಇಂಜಿನ್ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ಎಷ್ಟು ಕಿವಿಗೊಟ್ಟರೂ ಕೆಮ್ಮು ಸಿಗಲಿಲ್ಲ. ಸಿಗಲಿ ಎಂದು ಅವನು ಕಿವಿಗೊಟ್ಟಿದ್ದೂ ಉಂಟು.

ಮಧ್ಯಾಹ್ನ ಬಂದ ಶಿವಶಂಕರ್ ಮೇಷ್ಟ್ರು ಬೀದಿಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು ಕೈ ಹಿಡಿದರು. ‘ಹೊಸಾ ಗಾಡಿ ಕಣ್ರೀ ಇದು! ನಿಮ್ಮ ಕೈನೇ ಕೈ. ಪಾಪ, ನಿಮ್ಮ ತಮ್ಮನಿಗೆ ಈ ಟೈಮಿಂಗು ಕೊನೇವರೆಗೂ ಒಲೀಲಿಲ್ಲ.’

‘ಇಲ್ಲ ಸಾರ್,’ ಎಂದ ಮಹದೇವಪ್ಪ. ‘ಅವನದೇ ಸರಿ ಇತ್ತು. ಅವತ್ತೂ ಅವನದೇ ಸರಿ. ನಾನು ತಂದ ಚಕ್ರ ತಪ್ಪು, ನಾನು ಕೂರಿಸಿದ್ದೂ ತಪ್ಪು. ನಿಮ್ಮ ಗ್ಯಾಸ್ಕೆಟ್ ಸುಟ್ಟಿದ್ದೂ ಅದಕ್ಕೇ. ಈಗ ಓಡ್ತಾ ಇರೋದು ಅವನು ಎಳೆದ ಗೆರೆ ಮೇಲೆ ಸಾರ್, ಬನ್ನಿ, ತೋರಿಸ್ತೀನಿ.’

ಮೇಷ್ಟ್ರು ಬಾನೆಟ್ಟಿನ ಕಡೆ ನೋಡಲೂ ಇಲ್ಲ. ಅವರ ಕಣ್ಣು ತುಂಬಿ ಬಂತು. ಮಹದೇವಪ್ಪನ ಭುಜ ತಟ್ಟಿದರು. ‘ದೊಡ್ಡ ಮನಸ್ಸು ನಿಮ್ಮದು. ಹೋದವರ ಮೇಲೆ ಒಂದು ತಪ್ಪೂ ಹೊರಿಸ್ದೆ, ಎಲ್ಲಾ ನಿಮ್ಮ ಮೇಲೇ ಎಳ್ಕೊಳ್ತೀರಲ್ಲ. ಇಂಥ ಅಣ್ಣ ಎಲ್ಲಿ ಸಿಗ್ತಾರೆ ಹೇಳಿ.’

‘ಅಯ್ಯೋ, ನಿಜ ಹೇಳ್ತಾ ಇದೀನಿ ಸಾರ್!’ ಮಹದೇವಪ್ಪ ಕೂಗಿಯೇ ಹೇಳಿದ.

‘ಆಯ್ತು ಆಯ್ತು, ಸಮಾಧಾನ ಮಾಡ್ಕೊಳಿ,’ ಎಂದು ಮೇಷ್ಟ್ರು ಕಾರು ಹತ್ತಿದರು. ಅವತ್ತು ತಮ್ಮನಿಗೆ ಒಂದು ಹಲ್ಲು ತಪ್ಪಿತು ಎಂದಾಗ ಐದಾರು ಜನ ನೋಡದೆ ನಂಬಿದ್ದರು. ಇವತ್ತು ತನಗೆ ತಪ್ಪಿತು ಎಂದರೆ ನಂಬಲು ಒಬ್ಬನೂ ಇರಲಿಲ್ಲ. ನಾಳೆಯ ಹೊತ್ತಿಗೆ ಮೇಷ್ಟ್ರು ಈ ದೊಡ್ಡ ಮನಸ್ಸಿನ ಕಥೆಯನ್ನು ಸರಸ್ವತಿಪುರಂಗೆಲ್ಲ ಹೇಳಿರುತ್ತಾರೆ ಎಂಬುದು ಮಹದೇವಪ್ಪನಿಗೆ ಗೊತ್ತಿತ್ತು. ಕಾರು ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಯಿತು.

ದಾಕ್ಷಾಯಣಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಹದೇವಪ್ಪ ಅವಳ ಕಡೆ ತಿರುಗಿದ. ‘ನೀನಾದ್ರೂ ನಂಬಮ್ಮ. ಅವನದೇ ಸರಿ ಇತ್ತು.’

‘ನಂಗೆ ಒಂಬತ್ತು ವರ್ಷದಿಂದ ಗೊತ್ತು ಭಾವ,’ ಎಂದಳು ಅವಳು. ‘ನಿಮ್ ಬಾಯಲ್ಲಿ ಕೇಳ್ಬೇಕು ಅಂತಿದ್ದೋರು ಅವ್ರು.’

ಅವಳು ಷಟರಿನ ಕೀಗೆ ಕೈ ಚಾಚಿದಳು. ಮಹದೇವಪ್ಪ ಕೊಟ್ಟ. ಊಟದ ಹೊತ್ತಾಗಿತ್ತು, ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಊಟ ಮಾಡ್ಕೊಂಡು ಹೋಗಿ ಎಂದು ಅವಳು ಹೇಳಲಿಲ್ಲ.